ನಿಮಗಿದು ಗೊತ್ತೇ? ಮೇಲ್‌ನಲ್ಲಿ ಫೋಟೋ ಹೋಗುವುದು ಅಕ್ಷರದ ವೇಷದಲ್ಲಿ!

ಮೇಲ್‌ಗೆ ಫೋಟೋ ಲಗತ್ತಿಸಿ ಕಳಿಸುತ್ತೀರಲ್ಲ, ಆ ಪತ್ರಕ್ಕೆ ನಿಜವಾಗಿ ಏನೂ ಅಂಟಿಕೊಂಡಿರುವುದಿಲ್ಲ! ಇಡೀ ಫೋಟೋ ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬದಲಾಗಿ ಪತ್ರದೊಳಗೇ ಸಾಲುಸಾಲಾಗಿ ಕೂತಿರುತ್ತದೆ. ಮೌಸ್ ಮುಟ್ಟದೆ ಕಮಾಂಡ್ ಲೈನ್‌ನಿಂದ ಮೇಲ್ ಕಳಿಸುವವರು ಈ ವೇಷವನ್ನು ಕಣ್ಣಾರೆ ನೋಡಬಹುದು. ಬನ್ನಿ, ಒಂದೊಂದೇ ಬೆರಗು ಬಿಚ್ಚೋಣ!

1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಇ-ಮೇಲ್ ಕಳಿಸಿದರು. ಅದಕ್ಕೆ ಅವರು ಬಳಸಿಕೊಂಡಿದ್ದು ಏನು ಗೊತ್ತೇ? ಫೈಲ್ ಸಾಗಿಸುವ ಸಿಪಿವೈನೆಟ್ ಎಂಬ ಪ್ರೋಗ್ರಾಂ! ಹೀಗೆ ಫೈಲ್ ಸಾಗಾಟದಿಂದಲೇ ಹುಟ್ಟಿದ ಇ-ಮೇಲ್‌ಗೆ ಫೈಲ್ ಲಗತ್ತಿಸುವ ಸರ್ವಸಮ್ಮತ ನಿಯಮ ಸಿಕ್ಕಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ!

ಯಾಕಷ್ಟು ತಡ? ಹಳೆಯ ಮೇಲ್ ವ್ಯವಸ್ಥೆಗೆ ಗೊತ್ತಿದ್ದ ಚಿಹ್ನೆಗಳು ಬರೀ 128. ಫೋಟೋದ ಒಂದೊಂದು ಬೈಟ್ 256 ರೂಪಗಳಲ್ಲಿ ಯಾವುದೂ ಆಗಿರಬಹುದು. ಹಾಗೇ ಕಳಿಸಿದರೆ ದಾರಿಯಲ್ಲೇ ಕೆಟ್ಟುಹೋಗುತ್ತಿತ್ತು. ವೇಷ ಹಾಕದೆ ಬೇರೆ ದಾರಿಯೇ ಇರಲಿಲ್ಲ!

ಮೊದಲ ಜನಪ್ರಿಯ ವೇಷ ಹೊಲಿದವರು ಮೇರಿ ಆ್ಯನ್ ಹಾರ್ಟನ್. 1980ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅವರ ಯುಯುಎನ್‌ಕೋಡ್ ಕಮಾಂಡ್‌ಗೆ ಯಾವ ಫೈಲ್ ಕೊಟ್ಟರೂ ಅಕ್ಷರಗಳ ಸಾಲು ಹೊರಬರುತ್ತದೆ. ತಮಾಷೆ ನೋಡಿ: ತುಂಬಿದ ಪ್ರತಿ ಸಾಲೂ ಶುರುವಾಗುವುದು ‘ಎಂ’ ಅಕ್ಷರದಿಂದಲೇ! ಪುಟದ ಎಡ ಅಂಚಿನುದ್ದಕ್ಕೂ ಎಂ, ಎಂ, ಎಂ!

ಇನ್ನು 1992ರ ಮಾರ್ಚ್ 11. ಬೆಲ್‌ಕೋರ್ ಸಂಸ್ಥೆಯ ನಥಾನಿಯಲ್ ಬೋರೆನ್‌ಸ್ಟೈನ್ ಇಂದಿನ ಮಾದರಿಯ ಮೊದಲ ಅಟ್ಯಾಚ್‌ಮೆಂಟ್ ಕಳಿಸಿದರು. ಅದರಲ್ಲಿ ಯಾವುದೋ ಗಂಭೀರ ದಾಖಲೆ ಇತ್ತೆಂದುಕೊಂಡಿರಾ? ಇಲ್ಲ! ಇದ್ದದ್ದು ಅವರದೇ ನಾಲ್ವರ ಗಾಯನ ತಂಡದ ಫೋಟೋ. ಜೊತೆಗೆ ಆ ನಾಲ್ವರು ಹಾಡಿದ ಹಾಡು. ಹಾಡಿನ ವಿಷಯವೂ ಇ-ಮೇಲ್!

ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಸೇರಿ ಬರೆದ ಆ ನಿಯಮದ ಹೆಸರು ಮೈಮ್. ಅಂದಿನಿಂದ ಮೈಮ್ ಪತ್ರಗಳ ತಲೆಯ ಮೇಲೆ ‘ಮೈಮ್ ಆವೃತ್ತಿ 1.0’ ಎಂಬ ಸಾಲು ಇರುತ್ತದೆ. ಮೂರು ದಶಕ ಕಳೆದರೂ ಅದೇ 1.0! ಆವೃತ್ತಿ ಬದಲಾದರೆ ಹಳೆಯ ಪ್ರೋಗ್ರಾಂಗಳು ಏನು ಮಾಡಬೇಕೆಂದು ನಿಯಮದಲ್ಲಿ ಸರಿಯಾಗಿ ಬರೆದಿರಲಿಲ್ಲ. ಹಾಗಾಗಿ ಆ ಅಂಕಿಯನ್ನು ಯಾರೂ ಮುಟ್ಟುವಂತಿಲ್ಲ!

ಮೈಮ್‌ನ ಮೆಚ್ಚಿನ ವೇಷ ಬೇಸ್64. ಇಂಗ್ಲಿಷಿನ 26 ದೊಡ್ಡಕ್ಷರ, 26 ಚಿಕ್ಕಕ್ಷರ, 10 ಅಂಕಿ, ಒಂದು ಕೂಡು ಗುರುತು, ಒಂದು ಓರೆಗೆರೆ. ಒಟ್ಟು 64. ಜಗತ್ತಿನ ಯಾವ ಫೋಟೋ, ಯಾವ ಹಾಡು, ಯಾವ ಸಿನಿಮಾವನ್ನಾದರೂ ಇಷ್ಟರಲ್ಲೇ ಬರೆದುಬಿಡಬಹುದು!

ವೇಷ ತೊಟ್ಟರೆ ಫೈಲ್ ದಪ್ಪವಾಗುತ್ತದೆ! ಮೂರು ಬೈಟ್ ಹೋಗಿ ನಾಲ್ಕು ಅಕ್ಷರ ಆಗುತ್ತದೆ. 15 ಎಂಬಿ ಫೈಲ್ ಹೊರಡುವಾಗ 20 ಎಂಬಿ ದಾಟಿರುತ್ತದೆ. ಇಡೀ ಪತ್ರಕ್ಕೆ 25 ಎಂಬಿ ಮಿತಿ ಇಟ್ಟ ಸರ್ವರ್‌ಗೆ 20 ಎಂಬಿ ಫೈಲ್ ಕಳಿಸಿದಿರೋ, ಪತ್ರ ವಾಪಸ್!

ವೇಷದಲ್ಲೂ ಗುರುತು ಹಿಡಿಯಬಹುದು! ಜೆಪೆಗ್ ಫೋಟೋ ಯಾವಾಗಲೂ ಓರೆಗೆರೆ, 9, ಚಿಕ್ಕ ಜೆ, ಮತ್ತೆ ಓರೆಗೆರೆ ಎಂದೇ ಶುರುವಾಗುತ್ತದೆ. ಪಿಡಿಎಫ್ ಆದರೆ ‘ಜೆವಿಬಿಇಆರ್’. ಅದು ನಿಮ್ಮ ಮದುವೆ ಫೋಟೋ ಇರಲಿ, ಮಂಗಳ ಗ್ರಹದ ಫೋಟೋ ಇರಲಿ, ಜೆಪೆಗ್ ಆದರೆ ಮೊದಲ ನಾಲ್ಕು ಗುರುತು ಒಂದೇ!

ವೇಷ ಹಾಕಿದರೆ ಗುಟ್ಟು ಭದ್ರ ಎಂದುಕೊಳ್ಳಬೇಡಿ. ಬೇಸ್64 ಬೀಗವಲ್ಲ. ಲಿನಕ್ಸ್‌ನ ಒಂದೇ ಕಮಾಂಡ್ ಅದನ್ನು ಕ್ಷಣದಲ್ಲಿ ಕಳಚಿಬಿಡುತ್ತದೆ, ಪಾಸ್‌ವರ್ಡ್ ಕೇಳದೆ!

ಪತ್ರ ಮುಗಿಯಿತೆಂದು ಸರ್ವರ್‌ಗೆ ತಿಳಿಯುವುದು ಹೇಗೆ? ಒಂದು ಸಾಲಿನಲ್ಲಿ ಒಂಟಿ ಚುಕ್ಕೆ ಬಂದರೆ ಮುಗಿಯಿತು! ಹಾಗಾದರೆ ಫೋಟೋದ ನಡುವೆಯೇ ಚುಕ್ಕೆ ಬಂದರೆ? ಬರುವುದೇ ಇಲ್ಲ. ಬೇಸ್64ರ ಆ 64ರಲ್ಲಿ ಚುಕ್ಕೆಗೆ ಜಾಗವೇ ಇಲ್ಲ!

ಯುನಿಕ್ಸ್‌ನ ಮೇಲ್ ಕಮಾಂಡ್‌ಗೂ 1971ರದೇ ಹುಟ್ಟು. ಇಂದು ಅದಕ್ಕೆ ಹಲವು ರೂಪಗಳಿವೆ. ಒಂದರಲ್ಲಿ ಫೈಲ್ ಲಗತ್ತಿಸಲು ಅಡ್ಡಗೆರೆ ಹಾಕಿ ಚಿಕ್ಕ ‘ಎ’ ಒತ್ತಬೇಕು. ಗ್ನೂ ಬಳಗದ ರೂಪದಲ್ಲಿ ದೊಡ್ಡ ‘ಎ’ಯೇ ಬೇಕು. ಅಲ್ಲಿ ಚಿಕ್ಕ ‘ಎ’ ಒತ್ತಿದರೆ ಪತ್ರದ ತಲೆಬರಹಕ್ಕೆ ಹೊಸ ಸಾಲು ಸೇರುತ್ತದೆ, ಫೈಲ್ ಹೋಗುವುದೇ ಇಲ್ಲ!

ಟರ್ಮಿನಲ್ ಪ್ರಿಯರ ನೆಚ್ಚಿನ ಮಟ್ ಪ್ರೋಗ್ರಾಂನಲ್ಲಿ ಇನ್ನೊಂದು ಸೂಕ್ಷ್ಮ. ಫೈಲ್‌ಗಳ ಹೆಸರು ಮುಗಿದ ಮೇಲೆ ಎರಡು ಅಡ್ಡಗೆರೆ ಹಾಕಿ, ಆಮೇಲೆ ವಿಳಾಸ ಬರೆಯಬೇಕು. ಗೆರೆ ಮರೆತರೆ ಮಟ್ ಆ ವಿಳಾಸವನ್ನೂ ಫೈಲ್ ಎಂದುಕೊಂಡು ಡಿಸ್ಕ್‌ನಲ್ಲಿ ಹುಡುಕಲು ಹೊರಡುತ್ತದೆ!

ಮೇಲ್ ಕಳಿಸಲು ಮನುಷ್ಯ ಎಚ್ಚರ ಇರಲೇಬೇಕೆಂದಿಲ್ಲ! ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ಗೆ ಒಮ್ಮೆ ಹೇಳಿಟ್ಟರೆ ಸಾಕು. ನಡುರಾತ್ರಿ ಎರಡಕ್ಕೆ ವರದಿ ತಯಾರಾಗಿ, ಲಗತ್ತಾಗಿ, ಹೊರಟುಬಿಟ್ಟಿರುತ್ತದೆ!

ಫೈಲ್ ತೀರಾ ದೊಡ್ಡದೇ? ಅದನ್ನು ತುಂಡು ಮಾಡಿ ಹಲವು ಪತ್ರಗಳಲ್ಲಿ ಕಳಿಸುವ ಉಪಾಯವೂ ಮೈಮ್‌ನಲ್ಲಿದೆ. ಪ್ರತಿ ತುಂಡಿನ ಮೇಲೂ ಅದರ ಕ್ರಮಸಂಖ್ಯೆ. ಅದನ್ನು ಬಲ್ಲ ಪ್ರೋಗ್ರಾಂ ಆ ತುಂಡುಗಳನ್ನು ಮತ್ತೆ ಜೋಡಿಸಿ ಒಂದಾಗಿಸುತ್ತದೆ!

ಲಿನಕ್ಸ್ ಕರ್ನಲ್‌ಗೆ ಜಗತ್ತಿನಾದ್ಯಂತದಿಂದ ಬರುವ ತಿದ್ದುಪಡಿಗಳು ಇಂದಿಗೂ ಇ-ಮೇಲ್‌ನಲ್ಲೇ ಬರುತ್ತವೆ. ಬಹುಮಂದಿ ಬಳಸುವುದು ಗಿಟ್‌ನ ಸೆಂಡ್-ಇಮೇಲ್ ಕಮಾಂಡ್. ವಿಚಿತ್ರವೆಂದರೆ ಅಲ್ಲಿ ಅಟ್ಯಾಚ್‌ಮೆಂಟ್ ಬೇಡ! ತಿದ್ದುಪಡಿಯನ್ನು ಪತ್ರದ ಒಳಗೇ ಬರೆಯಬೇಕು. ಓದುವವರು ಸಾಲಿನ ಕೆಳಗೇ ಸಲಹೆ ಬರೆಯಬೇಕಲ್ಲ!

1993ರ ಏಪ್ರಿಲ್ 1ರಂದು ಇಂಟರ್‌ನೆಟ್ ನಿಯಮಗಳ ಸಾಲಿನಲ್ಲಿ 1437ನೇ ಸಂಖ್ಯೆಯ ದಾಖಲೆ ಪ್ರಕಟವಾಯಿತು. ಅದರ ವಿಷಯ: ಜೀವಂತ ಮನುಷ್ಯರನ್ನು ಇ-ಮೇಲ್‌ಗೆ ಲಗತ್ತಿಸಿ ಕಳಿಸುವ ವಿಧಾನ! ಏಪ್ರಿಲ್ ಫೂಲ್ ದಿನದ ಈ ಕೀಟಲೆಯ ಲೇಖಕರಲ್ಲಿ ಸ್ವತಃ ಬೋರೆನ್‌ಸ್ಟೈನ್ ಒಬ್ಬರು!

ಕೊನೆಯದು ನಮ್ಮದೇ ಕನ್ನಡದ್ದು! ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಮೂಲಾಕ್ಷರ, ಪ್ರತಿ ಕಾಗುಣಿತ ಚಿಹ್ನೆ ಸರಿಯಾಗಿ ಮೂರು ಬೈಟ್. ಬೇಸ್64ಕ್ಕೆ ಬೇಕಾದದ್ದೂ ಮೂರು ಮೂರೇ ಬೈಟ್! ಹಾಗಾಗಿ ನಮ್ಮ ಒಂದು ಚಿಹ್ನೆಗೆ ಅಲ್ಲಿ ನಾಲ್ಕು ಅಕ್ಷರ, ಹೆಚ್ಚಿಲ್ಲ, ಕಡಿಮೆಯಿಲ್ಲ. ‘ಕನ್ನಡ’ ಎಂಬ ಪದದಲ್ಲಿ ಐದು ಚಿಹ್ನೆ: ಕ, ನ, ಒತ್ತಕ್ಷರ ಕೂಡಿಸುವ ಗುರುತು, ಇನ್ನೊಂದು ನ, ಡ. ಒಟ್ಟು 20 ಅಕ್ಷರ. ಇನ್ನೂ ಸೊಗಸು ಕೇಳಿ: ಪ್ರತಿ ನಾಲ್ಕರ ಗುಂಪೂ ‘4 ಎಲ್ ಕೆ’ ಅಥವಾ ‘4 ಎಲ್ ಓ’ ಎಂದೇ ಶುರು! ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಟರ್ಮಿನಲ್ ತೆರೆಯಿರಿ. ಇನಿಷಿಯಲ್ ಬಿಟ್ಟು ನಿಮ್ಮ ಹೆಸರನ್ನು ಕನ್ನಡದಲ್ಲಿ ಬರೆದು ಬೇಸ್64 ಕಮಾಂಡ್‌ಗೆ ಕೊಡಿ. ಎಷ್ಟು ಸಲ ‘4 ಎಲ್’ ಬಂತು, ಎಣಿಸಿ ನೋಡಿ!