ಗುಡುಗು ಹೊತ್ತ ಗಾಡಿಗೆ ಒಳಹೊದಿಕೆ

ಹೊರಾಂಗಣ ಚಿತ್ರೀಕರಣ ನಡೆಯುವ ಊರಿನಲ್ಲಿ ಜನ ಮುತ್ತುವುದು ನಾಯಕನ ಕ್ಯಾರವಾನನ್ನು. ಜನರೇಟರ್ ಗಾಡಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೇಬಲ್ ಎಟುಕುವಷ್ಟು ದೂರದಲ್ಲಿ, ಯಾವುದೋ ಮರದಡಿ ಅದು ತನ್ನಷ್ಟಕ್ಕೆ ಗುಡುಗುತ್ತಿರುತ್ತದೆ. ಮಾತನ್ನೆಲ್ಲ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರಿಸುತ್ತಿದ್ದ ಕಾಲಕ್ಕೆ ಆ ಗುಡುಗಿನಿಂದ ನಷ್ಟವಿರಲಿಲ್ಲ. 2001ರ ‘ಲಗಾನ್’, ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ತಯಾರಾದ ‘ತಿಥಿ’ಯಂಥ ಚಿತ್ರಗಳು ಸ್ಥಳದಲ್ಲೇ ಧ್ವನಿ ಹಿಡಿದವು. ಅಂಥ ಸೆಟ್ಟಿನಲ್ಲಿ ಎಂಜಿನ್ನಿನ ಸದ್ದು ಮೈಕಿಗೆ ಬಿತ್ತೆಂದರೆ ಶಾಟ್ ಹೋಯಿತೆಂದೇ ಲೆಕ್ಕ.

ಕ್ಯಾರವಾನಿನ ಪಾಡು ಇನ್ನೂ ಇಕ್ಕಟ್ಟು. ಅದರ ಜನರೇಟರ್ ಅದರ ಹೊಟ್ಟೆಯಲ್ಲೇ ಇರಬೇಕು.

ಈ ಸದ್ದು ಅಡಗಿಸಲು ಹೊಸಬರು ಮೊದಲು ಮಾಡುವ ಕೆಲಸ ಜನರೇಟರ್ ಕೂರಿಸಿದ ಪೆಟ್ಟಿಗೆಯೊಳಗೆ ಸ್ಪಂಜು ಅಂಟಿಸುವುದು. ಸ್ಪಂಜು ಒಳಗಿನ ಕೀರಲು ಸದ್ದನ್ನು ಹೀರುತ್ತದೆ, ನಿಜ. ಆದರೆ ಡೀಸೆಲ್ ಎಣ್ಣೆಯನ್ನೂ ಹೀರುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಸದ್ದನ್ನು ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯುವುದಕ್ಕೆ ಭಾರ ಬೇಕು. ತಗಡಿನ ದಪ್ಪವನ್ನು ಇಮ್ಮಡಿಸಿದರೆ ಸಿಗುವ ಲಾಭ ಸುಮಾರು 6 ಡೆಸಿಬಲ್. ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ಅನಿಸಲು ಬೇಕಾದದ್ದು ಸುಮಾರು 10. ಹಾಗೆಂದು ಭಾರ ಏರಿಸುತ್ತ ಹೋದರೆ ಚಾಸಿಸ್ ಹೊರಬೇಕಲ್ಲ!

ಆದ್ದರಿಂದ ಪದರಗಳ ಉಪಾಯ. ಪೆಟ್ಟಿಗೆಯ ತಗಡು ನಡುಗದಂತೆ ಅದಕ್ಕೆ ಬ್ಯೂಟೈಲ್ ರಬ್ಬರಿನ ಹಾಳೆ, ಅದರ ಮೇಲೆ ಎರಡಂಗುಲ ದಪ್ಪದ ರಾಕ್‌ವೂಲ್, ಎಳೆ ಉದುರದಂತೆ ಗಾಜಿನೆಳೆಯ ಬಟ್ಟೆ, ಕೊನೆಗೆ ತೂತುತೂತಿನ ಜಿಐ ಶೀಟು. ಕರಗಿದ ಕಲ್ಲಿನಿಂದ ನೂತ ಉಣ್ಣೆಯಾದ್ದರಿಂದ ರಾಕ್‌ವೂಲ್ ಬೆಂಕಿಗೆ ಅಂಜುವುದಿಲ್ಲ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಿದವರಿಗೆ ಮಾತ್ರ ಅದರ ತುರಿಕೆ ಬೇಗ ಮರೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ‘ಧುಂ’ ಎನ್ನುವ ತಳದ ಸದ್ದು ಉಳಿಯುತ್ತದೆ. ನಿಮಿಷಕ್ಕೆ 1,500 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 50 ಸಲ ಉರಿಯುತ್ತದೆ. ಆ ಸದ್ದಿನ ಅಲೆಯ ಉದ್ದ ಹತ್ತಿರ ಹತ್ತಿರ 7 ಮೀಟರ್. ಎರಡಂಗುಲದ ಉಣ್ಣೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದನ್ನು ಪಳಗಿಸಲು ಒಳ್ಳೆಯ ಸೈಲೆನ್ಸರ್ ಬೇಕು, ನಡುಕ ಚಾಸಿಸ್‌ಗೆ ಇಳಿಯದಂತೆ ಎಂಜಿನ್ನಿನ ಕಾಲಿಗೆ ಸರಿಯಾದ ರಬ್ಬರ್ ಮೌಂಟಿಂಗ್ ಬೇಕು. ದುಬಾರಿ ಹೊದಿಕೆ ಕೊಂಡು ಸವೆದ ಮೌಂಟಿಂಗ್ ಬದಲಿಸದವರು ದುಡ್ಡು ಕಳೆದುಕೊಳ್ಳುತ್ತಾರೆ, ಅಷ್ಟೆ.

ಎಂಜಿನ್ನಿಗೆ ಉಸಿರೂ ಬೇಕು. ಗಾಳಿಗೆಂದು ನೇರ ಕಿಂಡಿ ಬಿಟ್ಟರೆ ಸದ್ದೂ ಅಲ್ಲಿಂದಲೇ ಹೊರಡುತ್ತದೆ: ಗೋಡೆ ಎಷ್ಟೇ ಗಟ್ಟಿಯಿದ್ದರೂ ನೂರರಲ್ಲಿ ಒಂದು ಪಾಲು ಬಯಲಾಗಿದ್ದರೆ ತಡೆ 20 ಡೆಸಿಬಲ್ ದಾಟುವುದಿಲ್ಲ. ಕಿಂಡಿ ಮುಚ್ಚಿದರೆ ಎಂಜಿನ್ ಕುದಿಯುತ್ತದೆ. ಅದಕ್ಕೇ ಒಳಗೆ ಉಣ್ಣೆ ಹೊದಿಸಿದ ಅಂಕುಡೊಂಕು ನಾಳ ಕಟ್ಟುತ್ತಾರೆ. ಗಾಳಿ ತಿರುವು ದಾಟುತ್ತದೆ, ಸದ್ದು ತಿರುವುಗಳಲ್ಲಿ ಸವೆಯುತ್ತದೆ. ಈ ಕಸುಬಿನ ಜಾಣತನವೆಲ್ಲ ಈ ನಾಳದಲ್ಲಿದೆ ಎಂದರೂ ತಪ್ಪಲ್ಲ.

ಹೊರಗಿನವರ ಕಿವಿಗೆ ನಿಯಮದ ಕಾವಲುಂಟು. ಸಾವಿರ ಕೆವಿಎ ವರೆಗಿನ ಡೀಸೆಲ್ ಜನರೇಟರ್ ತನ್ನ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಒಳಗೆ ಮಲಗಿದವರ ಉಸಿರಿನ ಕಾವಲು ಗಾಡಿ ಕಟ್ಟುವವನ ಕೈಯಲ್ಲಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಒಳನುಗ್ಗಿದ್ದೇ ಕಾರಣವೆಂದು ಪರೀಕ್ಷೆಯಿಂದ ತಿಳಿಯಿತು. ಸದ್ದು ನುಸುಳುವ ಸಂದಿನಿಂದಲೇ ಈ ಅನಿಲವೂ ನುಸುಳುತ್ತದೆ. ವೈರು ಹಾಯಿಸಲು ಕೊರೆದ ತೂತಿಗೂ ಬಾಗಿಲಂಚಿನ ರಬ್ಬರ್ ಬೀಡಿಂಗ್‌ಗೂ ಕಸುಬುದಾರರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಕ್ಯಾರವಾನ್ ಬಾಡಿಗೆಗೆ ಹಿಡಿಯುವವರು ಹಾಸಿಗೆ, ಟಿವಿ ನೋಡುವ ಮೊದಲು ಎರಡು ವಿಷಯ ವಿಚಾರಿಸಿಕೊಳ್ಳಿ: ಹೊಗೆಕೊಳವೆಯ ಬಾಯಿ ಎತ್ತ ತಿರುಗಿದೆ, ಮಲಗುವ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ.