ವ್ಯಕ್ತಿಯ ಬೆಳವಣಿಗೆಯೂ ಜೀವವಿಕಾಸವೂ

‘ವಿಕಾಸ’ ಎಂಬ ಮಾತು ನಮಗೆ ಹೊಸದಲ್ಲ. ಮೊಗ್ಗು ಬಿರಿದು ಹೂವಾಗುವುದನ್ನು ವಿಕಾಸವೆನ್ನುತ್ತೇವೆ. ಮನಸ್ಸು ಅರಳುವುದಕ್ಕೂ ವ್ಯಕ್ತಿತ್ವ ಬಲಿಯುವುದಕ್ಕೂ ಅದೇ ಪದವನ್ನು ಬಳಸುತ್ತೇವೆ. ಇವೆಲ್ಲವೂ ಒಂದೇ ಹೂವು ಅಥವಾ ಒಬ್ಬನೇ ವ್ಯಕ್ತಿ ತನ್ನ ಆಯುಷ್ಯದೊಳಗೆ ಪಡೆಯುವ ಅವಸ್ಥಾಂತರಗಳು. ಜೀವಶಾಸ್ತ್ರದ ಪ್ರಸಿದ್ಧ ತತ್ತ್ವವೊಂದನ್ನು ಕನ್ನಡದಲ್ಲಿ ‘ಜೀವವಿಕಾಸ’ವೆಂದು ಕರೆದಾಗ ಈ ಹಳೆಯ ಅರ್ಥವೂ ಪದದ ಬೆನ್ನು ಹತ್ತಿ ಬಂದಿತು. ಆದುದರಿಂದಲೇ ವಿದ್ಯಾವಂತರಲ್ಲಿಯೂ ಒಂದು ಪ್ರಶ್ನೆ ಏಳುವುದುಂಟು: ಮನುಷ್ಯನು ತನ್ನ ಜೀವಿತಕಾಲದಲ್ಲಿಯೇ ಜೈವಿಕವಾಗಿ ವಿಕಾಸ ಹೊಂದಬಲ್ಲನೆ?

ಈ ತೊಡಕು ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಇಂಗ್ಲಿಷಿನ ‘ಎವಲ್ಯೂಷನ್’ ಪದದ ಲ್ಯಾಟಿನ್ ಮೂಲಕ್ಕೆ ಸುತ್ತಿಟ್ಟ ಗ್ರಂಥದ ಸುರುಳಿಯನ್ನು ಬಿಚ್ಚುವುದೆಂಬ ಅರ್ಥವಿದೆ. ಒಳಗೆ ಮೊದಲೇ ಬರೆದಿಟ್ಟದ್ದು ಹೊರಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಅದರ ಧ್ವನಿ. ಡಾರ್ವಿನ್ 1859ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದ ಮೊದಲ ಮುದ್ರಣದಲ್ಲಿ ಈ ನಾಮಪದವನ್ನು ಬಳಸಲೇ ಇಲ್ಲ. ಅದರ ಕ್ರಿಯಾರೂಪವೊಂದು ಮಾತ್ರ ಗ್ರಂಥದ ಕಟ್ಟಕಡೆಯ ಪದವಾಗಿ ಬರುತ್ತದೆ. ನಾಮಪದವು ಸೇರಿದ್ದು 1872ರ ಆರನೆಯ ಆವೃತ್ತಿಯಲ್ಲಿ. ಮಾರ್ಪಾಟಿನೊಡನೆ ಇಳಿದುಬರುವ ವಂಶ ಎಂಬರ್ಥದ ಮಾತೇ ಅವನಿಗೆ ಹೆಚ್ಚು ಪ್ರಿಯವಾಗಿತ್ತು. ಅದು ಅಷ್ಟು ಇಂಪಾದ ಮಾತಲ್ಲದಿದ್ದರೂ ಅರ್ಥ ಕೆಡದ ಮಾತು.

ಮೇಲಿನ ಪ್ರಶ್ನೆಗೆ ಜೀವಶಾಸ್ತ್ರವು ಕೊಡುವ ಉತ್ತರ ‘ಇಲ್ಲ’ ಎಂಬುದೇ. ವ್ಯಕ್ತಿಯ ದೇಹ ಬದಲಾಗುವುದಿಲ್ಲವೆಂದು ಇದರ ಅರ್ಥವಲ್ಲ. ಬಯಲುನಾಡಿನ ಸೈನಿಕನೊಬ್ಬ ಲಡಾಖಿನ ಎತ್ತರಕ್ಕೆ ಹೋಗಿ ಕೆಲವು ವಾರ ನಿಂತರೆ ಅವನ ರಕ್ತದಲ್ಲಿ ಕೆಂಪುಕಣಗಳು ಹೆಚ್ಚುತ್ತವೆ. ಕೆಳಗಿಳಿದು ಬಂದ ಮೇಲೆ ಮತ್ತೆ ತಗ್ಗುತ್ತವೆ. ಇದು ಹೊಂದಿಕೆ. ಸಾವಿರಾರು ವರ್ಷಗಳಿಂದ ಅಂಥ ಎತ್ತರದಲ್ಲಿಯೇ ಬಾಳಿದ ಟಿಬೆಟಿನ ಜನರ ಸ್ಥಿತಿ ಬೇರೆ. ಅವರ ರಕ್ತದಲ್ಲಿ ಕೆಂಪುಕಣಗಳು ಅಷ್ಟಾಗಿ ಏರುವುದಿಲ್ಲ. ಏರಿದರೆ ರಕ್ತ ದಪ್ಪವಾಗಿ ಅಪಾಯವುಂಟು. ಈ ಗುಣಕ್ಕೆ ಸಂಬಂಧಿಸಿದ ಜೀನ್ ಒಂದರ ವಿಶೇಷ ರೂಪವು ಅವರಲ್ಲಿ ಬಹುಜನರಿಗೆ ಹುಟ್ಟಿನಿಂದಲೇ ಇದೆಯೆಂದು 2010ರ ಸಂಶೋಧನೆಗಳು ತೋರಿಸಿದವು. ಇದು ವಿಕಾಸ. ಸೈನಿಕನು ಗಳಿಸಿದ್ದು ಅವನೊಡನೆ ಮುಗಿಯುತ್ತದೆ. ಟಿಬೆಟಿನ ಜನರದು ಮಕ್ಕಳಿಗೆ ಇಳಿಯುತ್ತದೆ.

ಗಳಿಸಿದ್ದೂ ಮಕ್ಕಳಿಗೆ ಇಳಿಯುವುದೆಂದು ಫ್ರಾನ್ಸಿನ ಲಾಮಾರ್ಕ್ 1809ರಲ್ಲಿ ವಾದಿಸಿದ್ದನು. ಜರ್ಮನಿಯ ವೈಸ್ಮನ್ 1880ರ ದಶಕದಲ್ಲಿ ಇಲಿಗಳ ಬಾಲವನ್ನು ತಲೆಮಾರು ತಲೆಮಾರಾಗಿ ಕತ್ತರಿಸಿ ನೋಡಿದನು. ಐದು ತಲೆಮಾರುಗಳಲ್ಲಿ ಹುಟ್ಟಿದ 901 ಮರಿಗಳಲ್ಲಿ ಒಂದೂ ಮೋಟುಬಾಲದ್ದಾಗಿರಲಿಲ್ಲ. ನಮ್ಮಲ್ಲಿ ಎಷ್ಟೋ ಶತಮಾನಗಳಿಂದ ಮಕ್ಕಳ ಕಿವಿ ಚುಚ್ಚಿಸುತ್ತ ಬಂದಿದ್ದೇವೆ. ಇಂದಿಗೂ ಚುಚ್ಚಿದ ಕಿವಿಯೊಡನೆ ಯಾವ ಮಗುವೂ ಹುಟ್ಟುವುದಿಲ್ಲ. ಲಾಮಾರ್ಕನ ಪಕ್ಷವನ್ನೂ ಒಂದು ಮಾತಿನಲ್ಲಿ ಹೇಳಬೇಕು: ಅವನು ಹೇಳಿದ್ದು ಅಂಗಗಳ ಉಪಯೋಗ, ಅನುಪಯೋಗಗಳನ್ನು ಕುರಿತು, ಗಾಯವನ್ನು ಕುರಿತಲ್ಲ. ಆದರೆ ಕಮ್ಮಾರನ ಮಗನ ತೋಳು ಬಲಿಯಬೇಕಾದರೂ ಅವನೇ ಸುತ್ತಿಗೆ ಹಿಡಿಯಬೇಕಲ್ಲವೆ?

ಹಾಗಾದರೆ ವಿಕಾಸ ಹೊಂದುವುದು ಯಾವುದು? ಇದನ್ನು ಕಣ್ಣಾರೆ ಕಂಡ ಉದಾಹರಣೆಯೊಂದಿದೆ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಸಮೂಹದಲ್ಲಿ ಡಾಫ್ನೆ ಮೇಜರ್ ಎಂಬುದೊಂದು ಪುಟ್ಟ ದ್ವೀಪ. ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿಗಳು 1973ರಿಂದ ಅಲ್ಲಿನ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ, ಕೊಕ್ಕನ್ನು ಅಳೆದು ಬಿಡುತ್ತಿದ್ದರು. 1977ರಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳೆಲ್ಲ ಬೇಗ ತೀರಿಹೋಗಿ, ದಪ್ಪ ತೊಗಟೆಯ ಗಟ್ಟಿ ಬೀಜಗಳಷ್ಟೇ ಉಳಿದವು. ಅವುಗಳಲ್ಲಿ ಮುಖ್ಯವಾದುದು ನಮ್ಮ ಹೊಲದ ಬದುಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲಿನ ಕುಲಕ್ಕೇ ಸೇರಿದ ಗಿಡದ ಮುಳ್ಳುಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕೇ ಬೇಕು. ನೆಲದ ಫಿಂಚುಗಳಲ್ಲಿ ನೂರಕ್ಕೆ ಸುಮಾರು 85 ಅಳಿದವು. ಉಳಿದ ಹಕ್ಕಿಗಳ ಕೊಕ್ಕಿನ ಸರಾಸರಿ ದಪ್ಪವು ಬರಕ್ಕೆ ಮುಂಚಿನ ಸರಾಸರಿಗಿಂತ ಅರ್ಧ ಮಿಲಿಮೀಟರಿನಷ್ಟು ಹೆಚ್ಚಾಗಿತ್ತು. ಅವುಗಳ ಮರಿಗಳ ಕೊಕ್ಕೂ ದಪ್ಪವಾಗಿಯೇ ಬೆಳೆಯಿತು.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದ ಅಂಶವೊಂದಿದೆ. ಬರದಲ್ಲಿ ಯಾವೊಂದು ಹಕ್ಕಿಯ ಕೊಕ್ಕೂ ದಪ್ಪವಾಗಲಿಲ್ಲ. ಸಣ್ಣ ಕೊಕ್ಕಿನ ಹಕ್ಕಿ ಸಣ್ಣ ಕೊಕ್ಕಿನದಾಗಿಯೇ ಸತ್ತಿತು. ದಪ್ಪ ಕೊಕ್ಕಿನದು ಬರಕ್ಕೆ ಮೊದಲೂ ಹಾಗೆಯೇ ಇದ್ದಿತು. ಬದಲಾದದ್ದು ಸಮುದಾಯದ ಸರಾಸರಿ. ಅದು ‘ಪ್ರಗತಿ’ಯೂ ಅಲ್ಲ. 1983ರಲ್ಲಿ ಅತಿವೃಷ್ಟಿಯಾಗಿ ಸಣ್ಣ ಬೀಜಗಳು ಹೇರಳವಾದ ಮೇಲೆ ಆಯ್ಕೆಯು ಸಣ್ಣ ಕೊಕ್ಕಿನ ಕಡೆಗೆ ತಿರುಗಿತು. ವಿಕಾಸವೆಂದರೆ ಮೇಲೇರುವ ಮೆಟ್ಟಿಲೆಂದು ಭಾವಿಸುವವರು ಈ ಹಕ್ಕಿಗಳನ್ನು ನೆನೆಯಬೇಕು.

ಇಷ್ಟು ಹೇಳಿದ ಮೇಲೆಯೂ ಒಂದು ವಿಸ್ಮಯ ಉಳಿಯುತ್ತದೆ. ವ್ಯಕ್ತಿ ವಿಕಾಸ ಹೊಂದದಿದ್ದರೂ ವ್ಯಕ್ತಿಯ ಒಳಗೆ ವಿಕಾಸ ನಡೆಯಬಲ್ಲದು, ಏಕೆಂದರೆ ದೇಹವೇ ಕೋಟ್ಯಂತರ ಜೀವಕೋಶಗಳ ಸಮುದಾಯ. ರೋಗಾಣು ಹೊಕ್ಕಾಗ ಅದನ್ನು ಹಿಡಿಯಬಲ್ಲ ಪ್ರತಿಕಾಯಗಳನ್ನು ತಯಾರಿಸುವ ಬಿಳಿಯ ಕಣಗಳೇ ಹೆಚ್ಚು ಹೆಚ್ಚಾಗಿ ವೃದ್ಧಿಯಾಗುತ್ತವೆಂದು ಬರ್ನೆಟ್ 1957ರಲ್ಲಿ ಪ್ರತಿಪಾದಿಸಿದನು. ವೃದ್ಧಿಯಾಗುವಾಗ ಅವುಗಳ ಜೀನುಗಳಲ್ಲಿ ವ್ಯತ್ಯಾಸಗಳಾಗಿ, ಇನ್ನೂ ಬಿಗಿಯಾಗಿ ಹಿಡಿಯುವವು ಮೇಲುಗೈ ಪಡೆಯುತ್ತವೆ. ಅರ್ಬುದದ ಕೋಶಗಳೂ ಇದೇ ಮಾರ್ಗದಲ್ಲಿ ಬಲಿಯುತ್ತವೆಂದು ನೋವೆಲ್ 1976ರಲ್ಲಿ ತೋರಿಸಿಕೊಟ್ಟನು. ಆದರೆ ಇವು ಯಾವುವೂ ಸಂತಾನಬೀಜವನ್ನು ಸೇರುವುದಿಲ್ಲ. ತಾಯಿಯ ಪ್ರತಿಕಾಯಗಳು ಗರ್ಭದಲ್ಲಿಯೇ ಶಿಶುವಿಗೆ ದೊರೆಯುತ್ತವೆ, ನಿಜ. ಆದರೆ ಕೆಲವು ತಿಂಗಳಲ್ಲಿ ಕರಗಿಹೋಗುತ್ತವೆ. ಬುತ್ತಿ ಬರುತ್ತದೆ, ಅಡುಗೆಯ ವಿದ್ಯೆ ಬರುವುದಿಲ್ಲ.

ಈ ವಿವೇಚನೆ ಕೇವಲ ಶಬ್ದಚರ್ಚೆಯಲ್ಲ. ಮಾತ್ರೆ ನಾಟದಿದ್ದಾಗ “ಮೈಗೆ ಔಷಧಿ ಒಗ್ಗಿಹೋಗಿದೆ” ಎನ್ನುವುದು ವಾಡಿಕೆ. ಕ್ಷಯದಂತಹ ರೋಗಗಳಲ್ಲಿ ಬದಲಾದದ್ದು ರೋಗಿಯ ಮೈಯಲ್ಲ, ಅದರೊಳಗಿನ ರೋಗಾಣುಗಳ ಸಮುದಾಯ. ಅವುಗಳಲ್ಲಿಯೂ ಒಂದೊಂದು ಅಣುಜೀವಿ ಔಷಧಿಯನ್ನು ಕಂಡು ಕಲಿಯುವುದಿಲ್ಲ. ಲೂರಿಯಾ ಮತ್ತು ಡೆಲ್‌ಬ್ರುಕ್ 1943ರಲ್ಲಿ ಬ್ಯಾಕ್ಟೀರಿಯಗಳನ್ನು ಬೇರೆ ಬೇರೆ ನಳಿಕೆಗಳಲ್ಲಿ ಬೆಳೆಸಿ, ಅವುಗಳನ್ನು ಕೊಲ್ಲುವ ವೈರಸ್ಸಿಗೆ ಒಡ್ಡಿದರು. ಆಘಾತದಿಂದಲೇ ನಿರೋಧಶಕ್ತಿ ಹುಟ್ಟುವಂತಿದ್ದರೆ ಎಲ್ಲ ನಳಿಕೆಗಳಲ್ಲಿಯೂ ಬದುಕಿದವುಗಳ ಸಂಖ್ಯೆ ಹೆಚ್ಚುಕಡಮೆ ಸಮವಾಗಿರಬೇಕಿತ್ತು. ಕೆಲವದರಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ರಾಶಿರಾಶಿ! ವೈರಸ್ಸು ಬರುವ ಮುನ್ನವೇ ಆಕಸ್ಮಿಕವಾಗಿ ಹುಟ್ಟಿದ ನಿರೋಧಿಯ ಸಂತತಿ ಅದು.

ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ ಬ್ರಿಟನ್ನಿನ ಪ್ರಯೋಗದ ವರದಿ 1948ರಲ್ಲಿ ಹೊರಬಂದಿತು. ಮೊದಲು ಗುಣ ಕಂಡ ಅನೇಕ ರೋಗಿಗಳಲ್ಲಿ ಔಷಧಿಗೆ ಬಗ್ಗದ ರೋಗಾಣುಗಳು ತಲೆಯೆತ್ತಿದ್ದವು. ಒಂದು ಔಷಧಿಯನ್ನು ತಡೆಯಬಲ್ಲ ಅಣುಜೀವಿ ಅಪರೂಪ. ಏಕಕಾಲದಲ್ಲಿ ಮೂರು ನಾಲ್ಕನ್ನು ತಡೆಯಬಲ್ಲದ್ದು ಇನ್ನೂ ಎಷ್ಟೋ ಪಾಲು ಅಪರೂಪ. ವೈದ್ಯರು ಹಲವು ಔಷಧಿಗಳನ್ನು ಕೂಡಿಸಿ ಕೊಡುವುದೂ, ಕೆಮ್ಮು ನಿಂತ ಮೇಲೆಯೂ ತಿಂಗಳುಗಟ್ಟಲೆ ಬಿಡದೆ ನುಂಗಿರೆಂದು ಹೇಳುವುದೂ ಈ ಲೆಕ್ಕದ ಮೇಲೆಯೇ. ನಡುವೆ ಬಿಟ್ಟವರ ಎದೆಯಲ್ಲಿ ಔಷಧಿಗೆ ಬಗ್ಗದ ಕೆಲವು ಉಳಿದು ಬೆಳೆಯಬಹುದು. ಅಲ್ಲಿಂದ ಮನೆಯ ಇತರರಿಗೂ ಹರಡಬಹುದು.