ಕಾಕಾನ ಕಾರಿಗೆ ಬಂದ ಪತ್ರ

ಬೀಳಗಿ ತಾಲ್ಲೂಕಿನ ಬಾಡಗಂಡಿ ನಮ್ಮೂರು. ಕಾಕಾ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದ. ಬ್ರೇಕಿನ ಭಾಗವೊಂದರಲ್ಲಿ ದೋಷವಿದೆ, ಉಚಿತವಾಗಿ ಬದಲಿಸುತ್ತೇವೆ ಎಂದು ಕಂಪನಿ ಬರೆದ ಪತ್ರ ಹಳೆಯ ಮಾಲೀಕರ ಮನೆಗೆ ಹೋಯಿತು. ಆರ್‌ಸಿಯಲ್ಲಿ ಹೆಸರು ಬದಲಾಗಿರಲಿಲ್ಲ. ಎಂಟು ತಿಂಗಳು ಮನೆಮಂದಿಯೆಲ್ಲ ಅದರಲ್ಲೇ ಓಡಾಡಿದೆವು.

ಬಿ.ಇ. ಓದುತ್ತಿರುವ ನನಗೆ ಆಗ ನೆನಪಾದದ್ದು ಅಮೆರಿಕದ ಕ್ರೂಸ್ ಕಂಪನಿ. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದರ ಚಾಲಕರಹಿತ ಕಾರು, ಬೇರೆ ಕಾರು ಗುದ್ದಿ ಬೀಳಿಸಿದ್ದ ಮಹಿಳೆಯನ್ನು ಸುಮಾರು 20 ಅಡಿ ಎಳೆದೊಯ್ದಿತು. ಸಾಫ್ಟ್‌ವೇರ್ ಒಂದೇ ಆದ್ದರಿಂದ ದೋಷವೂ ಎಲ್ಲದರಲ್ಲಿ! ಕಂಪನಿ 950 ಕಾರುಗಳನ್ನು ರೀಕಾಲ್ ಮಾಡಿತು. ಅವೆಲ್ಲ ಅದರ ಕೈಯಲ್ಲೇ ಇದ್ದವು.

ಅಂಥ ಕಾರು ನಾಳೆ ಕೈಬದಲಾಗಿ ನಮ್ಮೂರಿಗೆ ಬಂದರೆ? ಕೋಡ್ ಬರೆಯುವುದಷ್ಟೇ ಅಲ್ಲ, ಪ್ರತಿ ವಾಹನ ಯಾರ ಬಳಿಯಿದೆ ಎಂದು ಲೆಕ್ಕವಿಡುವುದೂ ಎಂಜಿನಿಯರನ ಕೆಲಸ. ಗೆಳೆಯರೇ, ಇಂದೇ ಮನೆಯ ವಾಹನದ ಆರ್‌ಸಿ ತೆಗೆದು ನೋಡಿ.